ಕೈತಪ್ಪಿದ ಆಟಗಾರ

ತಂಡಕ್ಕೆ ಇನ್ನೇನು ಬಂದೇಬಿಟ್ಟ ಎನ್ನುವಷ್ಟರಲ್ಲಿ ಬೇರೆಯವರ ಪಾಲಾದ, ಅಥವಾ ಉಳಿಸಿಕೊಳ್ಳಲು ಅವಕಾಶವಿದ್ದೂ ತಂಡ ಬಿಟ್ಟುಕೊಟ್ಟ ಆಟಗಾರನಿಗೆ ಅಭಿಮಾನಿಗಳು ಹೇಳುವ ಮಾತು ಇದು. ಕರ್ನಾಟಕದಲ್ಲಿ ಈ ಮಾತು ಹೆಚ್ಚಾಗಿ ಬಳಕೆಯಾಗುವುದು ಇಂಡಿಯನ್ ಪ್ರೀಮಿಯರ್ ಲೀಗ್‌ನ (ಐಪಿಎಲ್) ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಬಗ್ಗೆ. 2008ರಿಂದ 2024ರವರೆಗೆ ಒಂದೂ ಟ್ರೋಫಿ ಇಲ್ಲದೆ ಕಳೆದ ಹದಿನೇಳು ಆವೃತ್ತಿಗಳಲ್ಲಿ ಅಭಿಮಾನಿಗಳ ಬಳಿ ಉಳಿದ ದೊಡ್ಡ ಆಸ್ತಿಯೆಂದರೆ ಈ ಲೆಕ್ಕಾಚಾರವೇ: ಯಾರನ್ನು ಬಿಟ್ಟೆವು, ಯಾರು ಬರಬೇಕಿತ್ತು, ಬಂದಿದ್ದರೆ ಏನಾಗುತ್ತಿತ್ತು.

ಈ ಲೆಕ್ಕಾಚಾರ ಬೆಂಗಳೂರಿನಿಂದ ದೂರದ ಊರುಗಳಲ್ಲೂ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಘತ್ತರಗಿ ಭೀಮಾ ನದಿಯ ದಂಡೆಯ ಊರು, ಭಾಗ್ಯವಂತಿ ದೇವಿಯ ಕ್ಷೇತ್ರ. ಇಲ್ಲಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಇಡೀ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಬಹುಪಾಲು ಅಭಿಮಾನಿಗಳು ತಂಡವನ್ನು ಕಂಡಿರುವುದು ಟಿ.ವಿ.ಯಲ್ಲಿ, ಮೊಬೈಲ್‌ನಲ್ಲಿ ಮಾತ್ರ. ಆದರೆ ಕೊಡುಕೊಳ್ಳುವ ವ್ಯವಹಾರದ ಮರ್ಮ ಈ ಸೀಮೆಗೆ ಹೊಸದಲ್ಲ. ಎತ್ತಿನ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡುತ್ತ ಬೆಳೆದವರು ಇಲ್ಲಿದ್ದಾರೆ. ಕೊಂಡ ಎತ್ತಿನ ಬೆಲೆ ಮರೆತುಹೋಗುತ್ತದೆ. ಸಾವಿರ ರೂಪಾಯಿಗೆ ಹಿಂದೆಮುಂದೆ ನೋಡಿ ಬಿಟ್ಟುಬಂದ ಜೋಡಿ ಮುಪ್ಪಿನವರೆಗೂ ನೆನಪಿರುತ್ತದೆ. “ಅವಾಗ ತಗೊಂಡಿದ್ರ ಇವತ್ತ ಹಿಂಗ ಇರ್ತಿದ್ದಿಲ್ಲ” ಎನ್ನುವ ಮಾತು ಎತ್ತಿಗೂ ಸಲ್ಲುತ್ತದೆ, ಆಟಗಾರನಿಗೂ ಸಲ್ಲುತ್ತದೆ.

ವ್ಯವಸ್ಥೆ

ಐಪಿಎಲ್‌ನಲ್ಲಿ ಆಟಗಾರ ತಂಡ ಬದಲಿಸಲು ಮೂರು ಮುಖ್ಯ ದಾರಿಗಳಿವೆ. ಮೊದಲನೆಯದು ಹರಾಜು. ಎರಡನೆಯದು ಟ್ರೇಡ್: ಎರಡು ಫ್ರಾಂಚೈಸಿಗಳು ನೇರವಾಗಿ ಮಾತಾಡಿ ಆಟಗಾರನಿಗೆ ಆಟಗಾರನನ್ನು ಅಥವಾ ಹಣವನ್ನು ಕೊಟ್ಟು ಪಡೆಯುವುದು. ಇದಕ್ಕೆ ಆಟಗಾರನ ಒಪ್ಪಿಗೆ ಬೇಕು, ಬಿಸಿಸಿಐ ಸಮ್ಮತಿಯೂ ಬೇಕು. ಆಟಗಾರ ತಾನೇ ಬೇರೆ ತಂಡದ ಜತೆ ಚೌಕಾಸಿಗೆ ಇಳಿಯುವಂತಿಲ್ಲ. ಹಾಗೆ ಮಾಡಿದ್ದಕ್ಕೆ ರವೀಂದ್ರ ಜಡೇಜ 2010ರ ಇಡೀ ಆವೃತ್ತಿಯಿಂದ ಹೊರಗುಳಿಯಬೇಕಾಯಿತು. ಮೂರನೆಯದು, ಗಾಯಗೊಂಡವರ ಬದಲಿಗೆ ಬರುವುದು. ಇವುಗಳ ನಡುವೆ ಆರ್‌ಟಿಎಂ (ರೈಟ್ ಟು ಮ್ಯಾಚ್) ಕಾರ್ಡ್ ಇದೆ. 2018ರ ನಿಯಮದಂತೆ ಹಳೆಯ ತಂಡ ಆ ಕಾರ್ಡ್ ಎತ್ತಿದರೆ, ಹರಾಜಿನಲ್ಲಿ ಬೇರೆಯವರು ಕೂಗಿದ ಬೆಲೆಗೇ ತನ್ನ ಆಟಗಾರನನ್ನು ಮರಳಿ ಪಡೆಯಬಹುದಿತ್ತು. ಕನ್ನಡದ ಅಭಿಮಾನಿಗೆ ಹೆಚ್ಚು ನೋವು ಕೊಟ್ಟಿರುವುದು ಎತ್ತದೆ ಉಳಿದ ಈ ಕಾರ್ಡು.

ಆರಂಭದ ಅದೃಷ್ಟ

ತಂಡದ ಚರಿತ್ರೆ ಶುರುವಾಗುವುದೇ ಮತ್ತೊಬ್ಬರ ಕೈತಪ್ಪಿದ ಆಟಗಾರನಿಂದ. 2008ರ ಮಾರ್ಚ್‌ನಲ್ಲಿ, 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದ ಹುಡುಗರನ್ನು ಫ್ರಾಂಚೈಸಿಗಳು ಹಂಚಿಕೊಂಡಾಗ ಮೊದಲ ಆಯ್ಕೆಯ ಅವಕಾಶ ದೆಹಲಿಗಿತ್ತು. ವಿಶ್ವಕಪ್ ನಾಯಕ ವಿರಾಟ್ ಕೊಹ್ಲಿ ದೆಹಲಿಯವರೇ. ಆದರೆ ಸೆಹ್ವಾಗ್, ಗಂಭೀರ್ ಅವರಂತಹ ಬ್ಯಾಟರ್‌ಗಳು ಅದಾಗಲೇ ಇದ್ದ ದೆಹಲಿ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಕೊಹ್ಲಿ 30,000 ಡಾಲರ್‌ಗೆ ಬೆಂಗಳೂರಿಗೆ ಬಂದರು. ಹರಾಜಿಗೆ ಬರುವಂತೆ ತಮ್ಮನ್ನು ಹಲವು ಬಾರಿ ಕೇಳಲಾಗಿತ್ತು ಎಂದು ಅವರು 2022ರಲ್ಲಿ ಹೇಳಿದರು. ಹೋಗಲಿಲ್ಲ. 2011ರಲ್ಲಿ ಬೆಂಗಳೂರು 11 ಲಕ್ಷ ಡಾಲರ್‌ಗೆ ಕೊಂಡ ಎ.ಬಿ. ಡಿವಿಲಿಯರ್ಸ್ ಕೂಡ ಮೊದಲ ಮೂರು ವರ್ಷ ದೆಹಲಿಗೆ ಆಡಿದವರೇ. ಹಾಗಾಗಿ ಕೈತಪ್ಪಿದವರ ದೊಡ್ಡ ಪಟ್ಟಿ ಬರೆಯಬೇಕಾದವರು ದೆಹಲಿಯ ಅಭಿಮಾನಿಗಳು.

ಐಪಿಎಲ್‌ನ ಮೊದಲ ಟ್ರೇಡ್‌ಗಳಲ್ಲಿ ಒಂದು ಬೆಂಗಳೂರಿನದು. 2009ರ ಆವೃತ್ತಿಗೆ ಮುನ್ನ ಜಹೀರ್ ಖಾನ್ ಮುಂಬೈಗೆ ಹೋದರು, ಕೊಡಗಿನ ರಾಬಿನ್ ಉತ್ತಪ್ಪ ಮುಂಬೈನಿಂದ ಬೆಂಗಳೂರಿಗೆ ಬಂದರು. ಮನೆಮಗ ಮನೆಗೆ ಬಂದ ಎಂದು ಇಲ್ಲಿಯವರು ಸಂಭ್ರಮಿಸಿದರು. ಆ ಕಾಲ ತಮಗೆ ಮಾನಸಿಕವಾಗಿ ಬಹಳ ಕಷ್ಟದ್ದಾಗಿತ್ತು ಎಂದು ಉತ್ತಪ್ಪ ಮುಂದೆ ಹೇಳಿಕೊಂಡರು. ಆ ವರ್ಷದ ಫೈನಲ್ ಮೇ 24ರಂದು ಜೊಹಾನೆಸ್‌ಬರ್ಗ್‌ನಲ್ಲಿ ನಡೆಯಿತು. ನಾಯಕ ಅನಿಲ್ ಕುಂಬ್ಳೆ 16 ರನ್‌ಗೆ 4 ವಿಕೆಟ್ ಪಡೆದರೂ ಡೆಕ್ಕನ್ ಚಾರ್ಜರ್ಸ್ 6 ರನ್‌ಗಳಿಂದ ಗೆದ್ದಿತು. ಕೊನೆಯವರೆಗೂ ಕ್ರೀಸಿನಲ್ಲಿದ್ದವರು ಉತ್ತಪ್ಪ. ಜಹೀರ್ ಉಳಿದಿದ್ದರೆ ಎದುರಾಳಿ ಇನ್ನು ಏಳು ರನ್ ಕಡಿಮೆ ಹೊಡೆಯುತ್ತಿದ್ದರಲ್ಲವೇ ಎನ್ನುವ ಪ್ರಶ್ನೆ ಹಳೆಯ ಅಭಿಮಾನಿಗಳಲ್ಲಿ ಇನ್ನೂ ಇದೆ.

ನಮ್ಮ ಹುಡುಗರು

ಕೈತಪ್ಪಿದ ಆಟಗಾರನ ದುಃಖಕ್ಕೆ ಕರ್ನಾಟಕದಲ್ಲಿ ಬೇರೆಯದೇ ಒಂದು ಮುಖವಿದೆ. ಇಲ್ಲಿಯ ಅಭಿಮಾನಿ ಅಳುವುದು ಬರೀ ಒಳ್ಳೆಯ ಆಟಗಾರ ಹೋದನೆಂದಲ್ಲ. ಕನ್ನಡದ ಹುಡುಗ ಬೇರೆ ಊರಿನ ಅಂಗಿ ತೊಟ್ಟನಲ್ಲ ಎಂದು. ತಂಡದ ಹೆಸರಿನಲ್ಲಿ ಬೆಂಗಳೂರು ಇದೆ, ತಂಡದಲ್ಲಿ ಬೆಂಗಳೂರು ಎಲ್ಲಿದೆ ಎಂಬ ಕೇಳಿಕೆ ನ್ಯಾಯವಾದದ್ದೇ. 2011ರ ಹರಾಜಿಗೆ ಮುನ್ನ ಬೆಂಗಳೂರು ಉಳಿಸಿಕೊಂಡದ್ದು ಕೊಹ್ಲಿ ಒಬ್ಬರನ್ನೇ. ಮೊದಲ ವರ್ಷ ಇಲ್ಲಿಯ ಐಕಾನ್ ಆಟಗಾರನಾಗಿದ್ದ ರಾಹುಲ್ ದ್ರಾವಿಡ್ 5 ಲಕ್ಷ ಡಾಲರ್‌ಗೆ ರಾಜಸ್ಥಾನ ಸೇರಿದರು. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ ಆ ಶತಕ ಹೊಡೆದದ್ದು 2009ರಲ್ಲಿ ಬೆಂಗಳೂರಿಗಾಗಿ. ಅವರೂ ಉತ್ತಪ್ಪನವರೂ ಪುಣೆಗೆ ಹೋದರು.

2014ರಲ್ಲಿ ಇದು ಇನ್ನಷ್ಟು ಚುಚ್ಚಿತು. ಆ ವರ್ಷದ ಹರಾಜು ನಡೆದದ್ದು ಬೆಂಗಳೂರಿನಲ್ಲೇ. ಯುವರಾಜ್ ಸಿಂಗ್ ಅವರಿಗೆ ಬೆಂಗಳೂರು 14 ಕೋಟಿ ರೂಪಾಯಿ ಕೊಟ್ಟಿತು. ಉತ್ತಪ್ಪನವರನ್ನು 5 ಕೋಟಿಗೆ, ಪಾಂಡೆಯವರನ್ನು 1.7 ಕೋಟಿಗೆ ಕೋಲ್ಕತ್ತ ಕೊಂಡಿತು. ಉತ್ತಪ್ಪ 660 ರನ್ ಗಳಿಸಿ ಆ ಆವೃತ್ತಿಯ ಕಿತ್ತಳೆ ಟೋಪಿ ಪಡೆದರು. ಜೂನ್ 1ರಂದು ಫೈನಲ್‌ನಲ್ಲಿ ಪಾಂಡೆ 50 ಎಸೆತಗಳಲ್ಲಿ 94 ರನ್ ಬಾರಿಸಿ ಕೋಲ್ಕತ್ತಕ್ಕೆ ಕಪ್ ತಂದುಕೊಟ್ಟರು. ಆ ಫೈನಲ್ ನಡೆದದ್ದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ತಮ್ಮದೇ ಅಂಗಳದಲ್ಲಿ ತಮ್ಮದೇ ಹುಡುಗ ಮಂದಿಯ ಮನೆಗೆ ದೀಪ ಹಚ್ಚಿದ್ದನ್ನು ಕನ್ನಡಿಗರು ಚಪ್ಪಾಳೆ ತಟ್ಟುತ್ತಲೇ ನೋಡಿದರು.

ಇಂಥದ್ದೇ ಇನ್ನೊಂದು 2019ರ ಏಪ್ರಿಲ್ 30ರದು. ಮಳೆಯಿಂದ ಮೊಟಕಾದ ಪಂದ್ಯದಲ್ಲಿ ರಾಜಸ್ಥಾನದ ಪರ ಆಡಿದ ಕರ್ನಾಟಕದ ಲೆಗ್ ಸ್ಪಿನ್ನರ್ ಶ್ರೇಯಸ್ ಗೋಪಾಲ್ ಅದೇ ಅಂಗಳದಲ್ಲಿ ಹ್ಯಾಟ್ರಿಕ್ ಪಡೆದರು. ಔಟಾದವರು ಕೊಹ್ಲಿ, ಡಿವಿಲಿಯರ್ಸ್, ಸ್ಟೊಯಿನಿಸ್.

ಕೆ.ಎಲ್. ರಾಹುಲ್

ಕೈತಪ್ಪಿದ ಕನ್ನಡಿಗರ ಪಟ್ಟಿಯಲ್ಲಿ ಮೊದಲ ಹೆಸರು ರಾಹುಲ್ ಅವರದು. 2013ರಲ್ಲಿ ಬೆಂಗಳೂರಿನಲ್ಲಿದ್ದರು, ಎರಡು ವರ್ಷ ಹೈದರಾಬಾದ್‌ಗೆ ಹೋದರು, 2016ರ ಆವೃತ್ತಿಗೆ ಮುನ್ನ ಟ್ರೇಡ್ ಮೂಲಕ ಮರಳಿದರು. ಆ ವರ್ಷ 397 ರನ್ ಗಳಿಸಿದರು. ತಂಡ ಫೈನಲ್ ತಲುಪಿ 8 ರನ್‌ಗಳಿಂದ ಸೋತಿತು. 2017ರಲ್ಲಿ ಭುಜದ ಗಾಯದಿಂದ ಆಡಲಿಲ್ಲ. 2018ರ ಜನವರಿಯಲ್ಲಿ, ಮತ್ತೆ ಬೆಂಗಳೂರಿನಲ್ಲೇ ನಡೆದ ಹರಾಜಿನಲ್ಲಿ ಪಂಜಾಬ್ 11 ಕೋಟಿ ರೂಪಾಯಿಗೆ ಕೂಗಿತು. ಬೆಂಗಳೂರಿನ ಬಳಿ ಎರಡು ಆರ್‌ಟಿಎಂ ಕಾರ್ಡ್‌ಗಳಿದ್ದವು. ರಾಹುಲ್ ಅವರಿಗೆ ಎತ್ತಲಿಲ್ಲ. ಮುಂದೆ ಒಂದನ್ನು ಯಜುವೇಂದ್ರ ಚಹಲ್ ಅವರಿಗೆ, ಇನ್ನೊಂದನ್ನು ಪವನ್ ನೇಗಿ ಅವರಿಗೆ ಬಳಸಿದರು. ಆ ಆವೃತ್ತಿಯ ತಮ್ಮ ಮೊದಲ ಪಂದ್ಯದಲ್ಲೇ ರಾಹುಲ್ 14 ಎಸೆತಗಳಲ್ಲಿ ಅರ್ಧಶತಕ ಹೊಡೆದರು, ಒಟ್ಟು 659 ರನ್ ಗಳಿಸಿದರು. ಕಾರ್ಡ್ ಎತ್ತದೆ ಬಿಟ್ಟದ್ದು ಸ್ಪಷ್ಟ ತಪ್ಪು. ಬೆಂಗಳೂರು ತಂಡದ ಹರಾಜಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಪ್ಪನ್ನು ಹುಡುಕುವುದು ಕಷ್ಟ.

2020ರ ಹೊತ್ತಿಗೆ ಪಂಜಾಬ್ ತಂಡಕ್ಕೆ ಕುಂಬ್ಳೆ ಕೋಚ್, ರಾಹುಲ್ ನಾಯಕ. ಮಯಂಕ್ ಅಗರ್‌ವಾಲ್, ಕರುಣ್ ನಾಯರ್, ಕೆ. ಗೌತಮ್, ಜೆ. ಸುಚಿತ್ ಎಲ್ಲರೂ ಅಲ್ಲೇ. ರಣಜಿ ನೋಡುವವರಿಗೆ ಅದು ಕರ್ನಾಟಕದ ಡ್ರೆಸ್ಸಿಂಗ್ ರೂಮಿನಂತೆಯೇ ಕಂಡಿತು. ಸೆಪ್ಟೆಂಬರ್ 24ರಂದು ದುಬೈನಲ್ಲಿ ಅವರು ಬೆಂಗಳೂರನ್ನು ಎದುರಿಸಿದರು. ರಾಹುಲ್ 83 ರನ್ ಗಳಿಸಿದ್ದಾಗ ಕೊಹ್ಲಿ ಒಂದು ಕ್ಯಾಚ್ ಬಿಟ್ಟರು, 89ರಲ್ಲಿ ಮತ್ತೊಂದು ಬಿಟ್ಟರು. ರಾಹುಲ್ 69 ಎಸೆತಗಳಲ್ಲಿ ಔಟಾಗದೆ 132. ಬೆಂಗಳೂರು ಇಡೀ ತಂಡ ಸೇರಿ 109. ಕೈಬಿಟ್ಟ ಆಟಗಾರನ ಕ್ಯಾಚನ್ನೂ ಎರಡೆರಡು ಸಲ ಕೈಬಿಟ್ಟರು ಎಂದು ಅಂದು ಆಡಿಕೊಂಡವರು ಬಹಳ. ಅವರೆಲ್ಲ ಬೆಂಗಳೂರಿನ ಅಭಿಮಾನಿಗಳೇ.

2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಹರಾಜು ನಡೆದಾಗ ರಾಹುಲ್ ಮನೆಗೆ ಬರುತ್ತಾರೆಂಬ ನಿರೀಕ್ಷೆ ರಾಜ್ಯದ ಉದ್ದಗಲಕ್ಕೂ ಇತ್ತು. ಬೆಂಗಳೂರಿನ ಕೈಯಲ್ಲಿ 83 ಕೋಟಿ ರೂಪಾಯಿ ಇತ್ತು. ಆರಂಭದಲ್ಲಿ ಕೂಗಿದರು, ಆಮೇಲೆ ನಿಲ್ಲಿಸಿದರು. ದೆಹಲಿ 14 ಕೋಟಿಗೆ ಒಯ್ದಿತು. ಮುಂದಿನ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ರಾಹುಲ್ 53 ಎಸೆತಗಳಲ್ಲಿ ಔಟಾಗದೆ 93 ರನ್ ಹೊಡೆದು ದೆಹಲಿಯನ್ನು ಗೆಲ್ಲಿಸಿದರು. ಗೆಲುವಿನ ಹೊಡೆತದ ನಂತರ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ನಡುವೆ ಬ್ಯಾಟ್ ಊರಿ, ಇದು ನನ್ನ ನೆಲ ಎಂಬಂತೆ ನಿಂತರು. ಸೋತ ಬೇಸರ, ನಮ್ಮವನೆಂಬ ಹೆಮ್ಮೆ ಒಂದೇ ಗಂಟಲಿನಲ್ಲಿ ಸಿಕ್ಕಿಕೊಂಡ ಗಳಿಗೆ ಅದು.

ಲೆಕ್ಕದ ಇನ್ನೊಂದು ಮಗ್ಗುಲು

ಇಷ್ಟಾದರೂ ಕೈತಪ್ಪಿದ ಆಟಗಾರನ ಲೆಕ್ಕ ಯಾವಾಗಲೂ ಅರ್ಧ ಲೆಕ್ಕ. ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳುವವರು, ಅವನು ಬಂದಿದ್ದರೆ ಯಾರು ಬರುತ್ತಿರಲಿಲ್ಲ ಎಂದು ಕೇಳುವುದಿಲ್ಲ. ಜೆಡ್ಡಾದಲ್ಲಿ ಉಳಿದ ಹಣದಿಂದ ಬೆಂಗಳೂರು ಜೋಶ್ ಹೇಜಲ್‌ವುಡ್ (12.50 ಕೋಟಿ), ಫಿಲ್ ಸಾಲ್ಟ್ (11.50 ಕೋಟಿ), ಜಿತೇಶ್ ಶರ್ಮಾ (11 ಕೋಟಿ), ಭುವನೇಶ್ವರ್ ಕುಮಾರ್ (10.75 ಕೋಟಿ) ಅವರನ್ನು ಕೊಂಡಿತು. ಸಾಲ್ಟ್ ಆರಂಭಿಕ, ಜಿತೇಶ್ ವಿಕೆಟ್ ಕೀಪರ್. ಇವೆರಡೂ ರಾಹುಲ್ ಮಾಡುವ ಕೆಲಸಗಳೇ. 2025ರ ಮೇ 27ರಂದು ಲಖನೌದಲ್ಲಿ 228 ರನ್ ಬೆನ್ನಟ್ಟುವಾಗ 33 ಎಸೆತಗಳಲ್ಲಿ ಔಟಾಗದೆ 85 ರನ್ ಹೊಡೆದವರು ಈ ಜಿತೇಶ್.

ಯಾರಿಗೂ ಬೇಡವಾಗಿ ಬಂದವರ ಕಥೆಯೂ ಹೀಗೆಯೇ. 2011ರ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಗೊಂಡ ಡರ್ಕ್ ನ್ಯಾನಸ್ ಅವರ ಬದಲಿಗೆ ಬಂದು ಏಪ್ರಿಲ್ 22ರಂದು ತಮ್ಮ ಹಳೆಯ ತಂಡ ಕೋಲ್ಕತ್ತದ ವಿರುದ್ಧ ಶತಕ ಹೊಡೆದರು. ಎರಡು ವರ್ಷದ ನಂತರ ಪುಣೆಯ ವಿರುದ್ಧ 66 ಎಸೆತಗಳಲ್ಲಿ ಔಟಾಗದೆ 175. ರಜತ್ ಪಾಟೀದಾರ್ 2022ರ ಹರಾಜಿನಲ್ಲಿ ಮಾರಾಟವಾಗದೆ ಉಳಿದವರು. ಕರ್ನಾಟಕದ ಯುವ ವಿಕೆಟ್ ಕೀಪರ್ ಲವನೀತ್ ಸಿಸೋಡಿಯಾ ಗಾಯಗೊಂಡಾಗ ಆ ಜಾಗಕ್ಕೆ ಬಂದರು, ಎಲಿಮಿನೇಟರ್‌ನಲ್ಲಿ ಔಟಾಗದೆ 112 ಹೊಡೆದರು, 2025ರಲ್ಲಿ ನಾಯಕರಾದರು. ನಮ್ಮ ಹುಡುಗನೊಬ್ಬನ ನೋವಿನಿಂದ ತಂಡಕ್ಕೆ ನಾಯಕ ಸಿಕ್ಕಿದ ಎಂಬುದನ್ನು ಕನ್ನಡಿಗರು ಮರೆಯಬಾರದು.

ಕಳೆದುಕೊಂಡದ್ದು ನಷ್ಟವಾಗದ ಉದಾಹರಣೆ ಕಬಡ್ಡಿಯಲ್ಲೂ ಇದೆ. ಬೆಂಗಳೂರು ಬುಲ್ಸ್‌ಗೆ 2019ರ ಜನವರಿ 5ರ ಫೈನಲ್‌ನಲ್ಲಿ 22 ಅಂಕ ತಂದು ಪ್ರೊ ಕಬಡ್ಡಿ ಪ್ರಶಸ್ತಿ ಗೆಲ್ಲಿಸಿದ ಪವನ್ ಸೆಹ್ರಾವತ್ 2022ರಲ್ಲಿ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಸೇರಿದಾಗ ಬುಲ್ಸ್ ಅಭಿಮಾನಿಗಳು ಹತಾಶರಾದರು. ಹೊಸ ತಂಡದ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟು ತಿಂದು ಆವೃತ್ತಿಯಿಂದ ಹೊರಬಿದ್ದರು. ಬುಲ್ಸ್ ಸೆಮಿಫೈನಲ್ ತಲುಪಿತು.

ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಕಲಬುರಗಿ ಸೀಮೆಯ ಲೆಕ್ಕ ಸ್ವಲ್ಪ ಹಗುರ. ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ ಅವರನ್ನು ಬೆಂಗಳೂರು 2023ರಲ್ಲಿ ಮೂಲ ಬೆಲೆ 10 ಲಕ್ಷ ರೂಪಾಯಿಗೇ ಕೊಂಡಿತು. 2024ರ ಫೈನಲ್‌ನಲ್ಲಿ ಅವರು 12 ರನ್‌ಗೆ 4 ವಿಕೆಟ್ ಪಡೆದರು, ಬೆಂಗಳೂರು ಗೆದ್ದಿತು. ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ ಮಾತ್ರ 40 ಲಕ್ಷಕ್ಕೆ ಯು.ಪಿ. ವಾರಿಯರ್ಸ್ ಪಾಲಾದರು.

ಬೇರೆಡೆ

ಈ ಚಾಳಿ ಕನ್ನಡಿಗರದಷ್ಟೇ ಅಲ್ಲ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಟ್ರೇಡ್ ಅವಧಿ ಬರುತ್ತದೆ. ಆ ಅವಧಿಯಲ್ಲಿ ಮುರಿದುಬಿದ್ದ ಮಾತುಕತೆಗಳನ್ನು ಮೆಲ್ಬರ್ನ್, ಅಡಿಲೇಡ್ ಜನ ವರ್ಷಗಟ್ಟಲೆ ಮೆಲುಕು ಹಾಕುತ್ತಾರೆ. 2016ರಲ್ಲಿ ಕಾರ್ಲ್ಟನ್‌ನ ಬ್ರೈಸ್ ಗಿಬ್ಸ್ ಅಡಿಲೇಡ್‌ಗೆ ಹೋಗಲು ಕೇಳಿದರು, ಕ್ಲಬ್‌ಗಳ ಚೌಕಾಸಿ ಕುದುರಲಿಲ್ಲ, ಮರುವರ್ಷ ಕುದುರಿತು. 2019ರಲ್ಲಿ ಜೋ ಡ್ಯಾನಿಹರ್ ಸಿಡ್ನಿಗೆ ಹೋಗಬಯಸಿದರು, ಎಸ್ಸೆಂಡನ್ ಬಿಡಲಿಲ್ಲ. ಮರುವರ್ಷ ಅವರು ಬ್ರಿಸ್ಬೇನ್ ಸೇರಿ 2024ರಲ್ಲಿ ಪ್ರಶಸ್ತಿ ಗೆದ್ದರು. ಆ ಫೈನಲ್‌ನಲ್ಲಿ ಸೋತದ್ದು ಸಿಡ್ನಿ.

2025ರ ಫೈನಲ್

ಕೈತಪ್ಪಿದ ಇಬ್ಬರು ಕನ್ನಡಿಗರು ಕೊನೆಗೆ ಬೆಂಗಳೂರಿಗೆ ಮರಳಿದರು. ಜೆಡ್ಡಾ ಹರಾಜಿನ ಮೊದಲ ಸುತ್ತಿನಲ್ಲಿ ಯಾರೂ ಕೇಳದ ದೇವದತ್ತ ಪಡಿಕ್ಕಲ್ ಎರಡನೇ ಸುತ್ತಿನಲ್ಲಿ 2 ಕೋಟಿಗೆ ಸಿಕ್ಕರು. ಅವರು ಗಾಯಗೊಂಡಾಗ, ಆ ಹರಾಜಿನಲ್ಲಿ ಮಾರಾಟವೇ ಆಗದಿದ್ದ, 2013ರವರೆಗೆ ಇಲ್ಲಿದ್ದ ಮಯಂಕ್ ಅಗರ್‌ವಾಲ್ ಅವರಿಗೆ ಕರೆ ಹೋಯಿತು. ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಮೂರನೇ ಕ್ರಮಾಂಕದಲ್ಲಿ ಬಂದ ಮಯಂಕ್ 18 ಎಸೆತಗಳಲ್ಲಿ 24 ರನ್ ಗಳಿಸಿದರು. ಅವರನ್ನು ಔಟ್ ಮಾಡಿದವರು, 2022ರ ಹರಾಜಿಗೆ ಮುನ್ನ ಬೆಂಗಳೂರು ಬಿಟ್ಟುಕೊಟ್ಟಿದ್ದ ಯಜುವೇಂದ್ರ ಚಹಲ್. ಬೆಂಗಳೂರು 190, ಪಂಜಾಬ್ 184. 2009ರಲ್ಲಿ ಸೋತ ಅಂತರವೂ ಇದೇ 6 ರನ್.