ಹೆಸರಿಲ್ಲದ ಗುರುತು

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಐದನೆಯ ಶತಮಾನದ ಕವಿ ಕುಬ್ಜ, ಕಾವ್ಯವನ್ನು ರಚಿಸಿ ಕಲ್ಲಿನ ಮೇಲೆ ಬರೆದವನು ತಾನೇ ಎಂದು ಹೇಳಿಕೊಂಡಿದ್ದಾನೆ. ನಮ್ಮ ಲಕ್ಷ್ಮೀಪೂಜೆಯ ಬೆಳ್ಳಿ ರೂಪಾಯಿಗೆ ಆ ಭಾಗ್ಯವಿಲ್ಲ. ವಿಕ್ಟೋರಿಯಾ ರಾಣಿಯ ಮುಖದ ಮೇಲೆ ಪುಟ್ಟ ಹೂವೋ ನಕ್ಷತ್ರವೋ ಒತ್ತಿದ್ದರೆ ಅದು ಟಂಕಸಾಲೆಯದಲ್ಲ. ಹೆಚ್ಚಾಗಿ ಅದು ಚಿನಿವಾರನದೋ ಅಕ್ಕಸಾಲಿಗನದೋ ಗುರುತು. ‘ತೂಕ ಸರಿ, ಬೆಳ್ಳಿ ಸಾಚಾ’ ಎಂಬ ಅವನ ಮಾತು.

ಆತ ಯಾರು? ನಾಣ್ಯದಲ್ಲಿ 1862 ಎಂದಿದ್ದರೆ ಗುರುತು ಅದಕ್ಕಿಂತ ಹಿಂದಿನದಲ್ಲ, ಅಷ್ಟು ಖಚಿತ. ಊರು ಹೇಳಲು ಒಂದೇ ನಾಣ್ಯ ಸಾಲದು. ರೂಪಾಯಿ ಊರೂರು ತಿರುಗುವಂಥದು. ಅದೇ ಹೂವು, ಅದೇ ಅಳತೆಯಲ್ಲಿ, ಒಂದೇ ಸೀಮೆಯ ಹಲವು ಮನೆಗಳಲ್ಲಿ ಸಿಕ್ಕಾಗ ಮಾತ್ರ ಊಹೆಗೆ ಬಲ ಬರುತ್ತದೆ.

ಆ ಸಾಕ್ಷ್ಯವಿರುವುದು ನಮ್ಮ ಅಜ್ಜಿಯರ ಪೆಟ್ಟಿಗೆಗಳಲ್ಲಿ. ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ. ಕಾಲುಂಗುರಕ್ಕೆಂದು ಕರಗಿಸಿದರೆ ಬೆಳ್ಳಿ ಉಳಿಯುತ್ತದೆ, ಆ ಮನುಷ್ಯನ ಮಾತು ಅಳಿಯುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಗೆರೆ ಸವೆಯುತ್ತದೆ. ನಾನಂತೂ ಅಜ್ಜಿಯ ಎರಡು ರೂಪಾಯಿಗಳ ಜೊತೆ, ಯಾವ ಊರಿನಿಂದ, ಯಾರ ಕೈಯಿಂದ ಬಂದವೆಂದು ಚೀಟಿ ಬರೆದಿಟ್ಟಿದ್ದೇನೆ. ನೀವೂ ಬರೆದಿಡಿ.