ಕಲಿಸಲು ಬಂದವರು ಕಲಿತದ್ದು

ಪರದೇಶಕ್ಕೆ ಹೋಗಿ ಅಲ್ಲಿನ ಬಡಮಕ್ಕಳಿಗೆ ನಾಲ್ಕಾರು ವಾರ ಪಾಠ ಹೇಳಿಬರುವ ಉತ್ಸಾಹ ಇಂದಿನ ತರುಣರಲ್ಲಿದೆ. ಅದು ಮೆಚ್ಚತಕ್ಕದ್ದೇ. ಆದರೆ ಹಾಗೆ ಹೊರಟವರನ್ನು ಕಂಡಾಗ ನನಗೆ ಜಾನ್ ಹ್ಯಾಂಡ್ಸನ ನೆನಪಾಗುತ್ತದೆ.

ಲಂಡನ್ ಮಿಶನ್ನಿನ ಈ ಪಾದ್ರಿ ಬಳ್ಳಾರಿಗೆ ಬಂದದ್ದು 1810ರಲ್ಲಿ. ನಮ್ಮ ತೆಲಿಗಿ, ಹರಪನಹಳ್ಳಿಗಳು ಬಹುಕಾಲ ಆ ಜಿಲ್ಲೆಗೇ ಸೇರಿದ್ದವು. ಮತಪ್ರಚಾರವೇ ಅವನ ಗುರಿ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಕನ್ನಡ ಬಾರದೆ ಬೋಧನೆಯೂ ನಡೆಯದು, ಶಾಲೆಯೂ ನಡೆಯದು. ಪರಕೀಯನು ಕೈಗೆತ್ತಿಕೊಳ್ಳಲು ಅಚ್ಚಾದ ಕನ್ನಡ ವ್ಯಾಕರಣವೂ ಆಗ ಇರಲಿಲ್ಲ. ವಿಲಿಯಂ ಕೇರಿಯ ವ್ಯಾಕರಣ ಹೊರಬಂದದ್ದು 1817ರಲ್ಲಿ. ಗುರುವಾಗಲು ಬಂದ ಹ್ಯಾಂಡ್ಸ್ ಮೊದಲು ಶಿಷ್ಯನಾದ. ಶಾಲೆಗಳನ್ನು ತೆರೆದ, ಬೈಬಲನ್ನು ಕನ್ನಡಿಸಿದ. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಅಚ್ಚಿಗೆ ತಂದ. 1894ರ ಕಿಟೆಲ್ ಕೋಶಕ್ಕೆ ಹಾದಿ ಹಾಕಿದವುಗಳಲ್ಲಿ ಇವೂ ಸೇರಿವೆ.

ಮುಖಪುಟದಲ್ಲಿರುವುದು ರೀವನ ಹೆಸರು. ಆದರೆ ಇಂಥವರಿಗೆ ಒಂದೊಂದು ಮಾತಿನ ಅರ್ಥವನ್ನೂ ಬಿಡಿಸಿ ಹೇಳಿದವರು ಈ ನೆಲದ ಮುನ್ಷಿಗಳು. ಸೇವೆಯೆಂದರೆ ಕೊಡುವುದಷ್ಟೇ ಅಲ್ಲ, ಪಡೆಯುವುದೂ ಹೌದು. ಮಗುವಿನ ನುಡಿ ತಿಳಿಯದವನು ಅದಕ್ಕೆ ಏನನ್ನು ತಾನೇ ಕಲಿಸಿಯಾನು?