ನಿಮ್ಮಪ್ಪ ಎಲ್ಲಿ?

ನನಗೆ ಆಗ ಏಳು ವರ್ಷ. ಗದಗಿನಲ್ಲಿ ನಾವಿದ್ದ ಬಾಡಿಗೆ ಮನೆಯ ಪಡಸಾಲೆಗೆ ಇಬ್ಬರು ಬಂದು ಕೂತರು. ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಅರಮನೆ, ಕಾಡು, ಬೀದಿ, ಸ್ಮಶಾನ. ಬಟ್ಟೆಯದು, ಬಣ್ಣದ್ದು ಬಾಕಿ ಏರುತ್ತ ಹೋಗಿ, ಸಾಲ ಕೊಟ್ಟವರು ಮನೆ ಬಾಗಿಲಿಗೇ ಬರುವಂತಾಗಿತ್ತು. ಅಪ್ಪ ಅಟ್ಟದ ಮೇಲಿದ್ದರು. ‘ಊರಾಗಿಲ್ಲ ಅನ್ನು’ ಎಂದು ಅವ್ವ ಹೇಳಿಕೊಟ್ಟಿದ್ದಳು. ಬಂದವರಲ್ಲಿ ಒಬ್ಬರು ನನ್ನನ್ನು ಹತ್ತಿರ ಕರೆದು, ಬಹಳ ಮೆತ್ತಗಿನ ದನಿಯಲ್ಲಿ, ‘ನಿಮ್ಮಪ್ಪ ಎಲ್ಲಿ ಅದಾರವಾ?’ ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ತಲೆ ಎತ್ತಿ ಅಟ್ಟದ ಕಡೆ ನೋಡಿದೆ. ಅವರಿಗೆ ಅಷ್ಟು ಸಾಕಾಯಿತು.

ಇದಾಗಿ ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಲಿವರ್‌ಪೂಲಿನ ವಾಕರ್ ಆರ್ಟ್ ಗ್ಯಾಲರಿಯಲ್ಲಿ ಒಂದು ಚಿತ್ರದ ಮುಂದೆ ನಿಂತವಳಿಗೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ. ಎಂಟು ಅಡಿಗಿಂತ ಅಗಲ, ನಾಲ್ಕು ಅಡಿಗಿಂತ ಎತ್ತರ. ಒಂದು ದೊಡ್ಡ ಮನೆಯ ಹಜಾರ. ಮೇಜಿನ ಸುತ್ತ ಕೂತ ಗಂಡಸರು. ಅವರೆದುರು ಚಿಕ್ಕ ಕಾಲ್ಮಣೆಯ ಮೇಲೆ ನಿಂತ ಹುಡುಗ. ತಿಳಿನೀಲಿ ರೇಷ್ಮೆಯ ಅಂಗಿ, ಹೊಂಬಣ್ಣದ ಕೂದಲು. ವಿಚಾರಣೆ ಮಾಡುವವನ ಮುಖದಲ್ಲಿ ಕೋಪವಿಲ್ಲ, ಸ್ನೇಹವೇ ಇದೆ. ನಮ್ಮ ಪಡಸಾಲೆಯಲ್ಲಿ ಕೂತಿದ್ದವರ ಮುಖವೂ ಹಾಗೆಯೇ ಇತ್ತು. ಹುಡುಗನ ಹಿಂದೆ ಅಳುತ್ತಿರುವ ಒಬ್ಬ ಹುಡುಗಿ, ಅವಳ ಹೆಗಲ ಮೇಲೆ ಕೈಯಿಟ್ಟ ಒಬ್ಬ ಸಿಪಾಯಿ. ಹಜಾರದ ಹಿಂಬದಿಯಲ್ಲಿ ತಾಯಿ ಮತ್ತು ದೊಡ್ಡ ಮಗಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ. ಚಿತ್ರದ ಹೆಸರು ‘ಅಪ್ಪನನ್ನು ಕೊನೆಯ ಸಲ ನೋಡಿದ್ದು ಯಾವಾಗ?’ ಬರೆದವನು ವಿಲಿಯಂ ಫ್ರೆಡರಿಕ್ ಯೀಮ್ಸ್, 1878ರಲ್ಲಿ.

ಹೈಸ್ಕೂಲಿನಲ್ಲಿ ನಾನು ಇತಿಹಾಸ ಹೇಳುತ್ತಿದ್ದೆ. ಈ ಚಿತ್ರದ ಹಿನ್ನೆಲೆಯಾದ, ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ದೊರೆಗೂ ಪಾರ್ಲಿಮೆಂಟಿಗೂ ನಡೆದ ಯುದ್ಧವನ್ನು ಎರಡು ಪೀರಿಯಡ್ಡಿನಲ್ಲಿ ಮುಗಿಸುತ್ತಿದ್ದೆ. 1629ರಿಂದ ಹನ್ನೊಂದು ವರ್ಷ ಪಾರ್ಲಿಮೆಂಟನ್ನೇ ಕರೆಯದೆ ಆಳಿದ್ದು, ಅದರ ಒಪ್ಪಿಗೆಯಿಲ್ಲದೆ ಹಡಗಿನ ತೆರಿಗೆ ಎತ್ತಿದ್ದು, ಧರ್ಮದ ಜಗಳ, 1642ರ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ದೊರೆಯ ಬಾವುಟ ಏರಿದ್ದು, 1645ರಲ್ಲಿ ನೇಸ್ಬಿಯ ಸೋಲು, 1649ರ ಜನವರಿ 30ರಂದು ಶಿರಚ್ಛೇದ. ಮಕ್ಕಳು ಇಸವಿ ಬಾಯಿಪಾಠ ಮಾಡಿ ಅಂಕ ಪಡೆಯುತ್ತಿದ್ದರು. ಆ ಯುದ್ಧ ಮನೆಯ ಹಜಾರದೊಳಗೂ ನಡೆದಿತ್ತು ಎಂಬುದನ್ನು ನಾನು ಅವರಿಗೆ ಒಮ್ಮೆಯೂ ಹೇಳಲಿಲ್ಲ. ನನಗೇ ಹೊಳೆದಿರಲಿಲ್ಲ.

ಪರದೆ ಬರೆಯುವವರ ಮನೆಯಲ್ಲಿ ಬೆಳೆದ ಕಣ್ಣಿಗೆ ಯೀಮ್ಸ್‌ನ ಚಿತ್ರ ಕಂಪನಿ ನಾಟಕದ ಒಂದು ದೃಶ್ಯದಂತೆ ಕಾಣುತ್ತದೆ. ಪಾತ್ರಧಾರಿಗಳೆಲ್ಲ ರಂಗದ ಮೇಲೆ ಸಾಲಾಗಿ ನಿಂತಿದ್ದಾರೆ, ಯಾರೂ ಯಾರನ್ನೂ ಮರೆಮಾಡಿಲ್ಲ. ಬೆಳಕು ಬೀಳಬೇಕಾದ ಕಡೆ ಬಿದ್ದಿದೆ. ಕಪ್ಪು, ಕಂದು ಉಡುಪುಗಳ ನಡುವೆ ನೀಲಿ ಒಂದೇ ಒಂದು. ‘ಎಲ್ಲಾ ಬಣ್ಣ ಕೂಗಿದರ ಯಾವುದೂ ಕೇಳಂಗಿಲ್ಲ’ ಎಂದು ಅಪ್ಪ ಹೇಳುತ್ತಿದ್ದರು. ಆ ಮನೆ, ಆ ಕುಟುಂಬ ಎರಡೂ ಕಲ್ಪನೆಯವು. ಹುಡುಗನಿಗೆ ಮಾದರಿಯಾಗಿ ನಿಂತವನು ಯೀಮ್ಸ್‌ನ ಅಣ್ಣತಮ್ಮಂದಿರ ಮಗ ಜೇಮ್ಸ್, ಹುಡುಗಿಗೆ ಅದೇ ಮನೆತನದ ಮೇರಿ. ಮನೆಯ ಮಕ್ಕಳಿಗೆ ವೇಷ ಹಾಕಿಸಿ ನಿಲ್ಲಿಸಿಕೊಂಡು ಬರೆದದ್ದು. ಕುಶಲವರನ್ನು ಬರೆಯಬೇಕಾದಾಗ ಅಪ್ಪನೂ ನನ್ನನ್ನು, ತಮ್ಮನನ್ನು ಹೀಗೆಯೇ ನಿಲ್ಲಿಸುತ್ತಿದ್ದರು.

ಆ ನೀಲಿ ಅಂಗಿಗೂ ಒಂದು ವಂಶಾವಳಿ ಇದೆ. ಯೀಮ್ಸ್‌ಗೆ ಅದು ಬಂದದ್ದು ಗೇನ್ಸ್‌ಬರೋ ನೂರು ವರ್ಷ ಮೊದಲು ಬರೆದಿದ್ದ ‘ನೀಲಿ ಹುಡುಗ’ನಿಂದ. ಗೇನ್ಸ್‌ಬರೋಗೆ ಬಂದದ್ದು ಚಾರ್ಲ್ಸ್ ದೊರೆಯ ಆಸ್ಥಾನ ಚಿತ್ರಕಾರ ವ್ಯಾನ್ ಡೈಕ್‌ನಿಂದ. ಕುಳ್ಳಗಿದ್ದ ಚಾರ್ಲ್ಸ್‌ನನ್ನು ಕುದುರೆಯ ಮೇಲೆ ಕೂರಿಸಿ, ನೋಡುವವರು ತಲೆ ಎತ್ತಿಯೇ ನೋಡುವಂತೆ ಮಾಡಿದವನು ಅವನು. ಯುದ್ಧಕ್ಕೆ ಮೊದಲೇ, 1641ರ ಡಿಸೆಂಬರಿನಲ್ಲಿ, ತೀರಿಕೊಂಡ. ಆದರೆ ಯುದ್ಧದ ಎರಡೂ ಕಡೆಯವರ ಚಿತ್ರಗಳಲ್ಲಿ ಅವನೇ ಬದುಕಿ ಉಳಿದ. ಪಾರ್ಲಿಮೆಂಟಿನವರಿಗೆ ಭಾವಚಿತ್ರ ಬರೆದುಕೊಡುತ್ತಿದ್ದ ರಾಬರ್ಟ್ ವಾಕರ್ ಎಂಬವನು, ವ್ಯಾನ್ ಡೈಕ್ ದೊರೆಯ ಕಡೆಯವರಿಗೆ ಕೊಟ್ಟಿದ್ದ ನಿಲುವು, ಭಂಗಿ, ಕೈಯ ಇರಿಸುವಿಕೆ ಎಲ್ಲವನ್ನೂ ಹಾಗೆಯೇ ಎತ್ತಿಕೊಂಡು ಪಾರ್ಲಿಮೆಂಟಿನ ದಂಡನಾಯಕ ಆಲಿವರ್ ಕ್ರಾಮ್‌ವೆಲ್‌ಗೆ ತೊಡಿಸಿದ. ನಮ್ಮ ಕಂಪನಿಗಳಲ್ಲಿ ಇವತ್ತು ರಾಮನ ತಲೆಯ ಮೇಲಿದ್ದ ಕಿರೀಟ ನಾಳೆ ದುರ್ಯೋಧನನ ತಲೆಯ ಮೇಲಿರುತ್ತಿತ್ತು. ಅಧಿಕಾರ ಹೇಗೆ ಕಾಣಬೇಕು ಎಂಬುದಕ್ಕೆ ಆ ದೇಶಕ್ಕೆ ಆಗ ಗೊತ್ತಿದ್ದದ್ದು ಒಂದೇ ರೂಪ, ದೊರೆಯನ್ನು ಸೋಲಿಸಿದವರಿಗೂ ಅದೇ ಬೇಕಾಯಿತು.

ಯುದ್ಧದ ನಡುವೆ ನಿಂತು ಬರೆದವನೆಂದರೆ ವಿಲಿಯಂ ಡಾಬ್ಸನ್. ದೊರೆ ಲಂಡನ್ ಬಿಟ್ಟು ಆಕ್ಸ್‌ಫರ್ಡಿನಲ್ಲಿ ಆಸ್ಥಾನ ಕಟ್ಟಿಕೊಂಡಾಗ ಇವನೂ ಅಲ್ಲಿದ್ದ. ದಂಡಿನ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಬರೆದ. ಕೆಂಪೇರಿದ, ನಿದ್ದೆಗೆಟ್ಟ, ಊಟ ಬಲ್ಲ ಮುಖಗಳು, ವ್ಯಾನ್ ಡೈಕ್‌ನ ನಯ ಅವುಗಳಲ್ಲಿಲ್ಲ. ಮುತ್ತಿಗೆಯ ಕಾಲದಲ್ಲಿ ಬಣ್ಣಕ್ಕೂ ಬಟ್ಟೆಗೂ ತತ್ವಾರ, ಕೊನೆಕೊನೆಯ ಚಿತ್ರಗಳಲ್ಲಿ ಬಣ್ಣ ತೆಳುವಾಗುತ್ತ ಹೋಗುತ್ತದೆ. 1646ರಲ್ಲಿ ಆಕ್ಸ್‌ಫರ್ಡ್ ಶರಣಾಯಿತು. ಲಂಡನ್ನಿಗೆ ಮರಳಿದ ಡಾಬ್ಸನ್ ಸಾಲಕ್ಕಾಗಿ ಸೆರೆಮನೆ ಕಂಡು, ಅದೇ ವರ್ಷ ಮೂವತ್ತೈದರ ವಯಸ್ಸಿನಲ್ಲಿ ತೀರಿಕೊಂಡ. ಪುಸ್ತಕದಲ್ಲಿ ಈ ಸಾಲು ಓದಿದ ದಿನ ನಾನು ಬಹಳ ಹೊತ್ತು ಮುಂದಿನ ಪುಟಕ್ಕೆ ಹೋಗಲಿಲ್ಲ. ತೆಳುಬಣ್ಣ ನನಗೆ ಗೊತ್ತು. ಪುಡಿ ಮುಗಿಯುತ್ತ ಬಂದಾಗ ಅಂಟುನೀರು ಹೆಚ್ಚು ಹಾಕಿ, ಆಕಾಶವನ್ನು ಹೇಗೋ ಪರದೆಯ ಅಂಚಿನವರೆಗೆ ಎಳೆಯುತ್ತಿದ್ದ ಕುಂಚವನ್ನು ನೋಡಿದ್ದೇನೆ.

ದೊರೆಯ ತಲೆ ಹೋದ ಮೇಲೆ ಅವನು ಕೂಡಿಸಿದ್ದ ಚಿತ್ರಗಳನ್ನೆಲ್ಲ ಹರಾಜಿಗಿಟ್ಟರು. ಅರಮನೆಗೆ ನಲ್ಲಿಕೆಲಸ ಮಾಡಿದ್ದ ಪ್ಲಂಬರನಿಗೆ ಬರಬೇಕಿದ್ದ ಬಾಕಿಯ ಒಂದು ಪಾಲನ್ನು ಚಿತ್ರಗಳ ರೂಪದಲ್ಲೇ ತೀರಿಸಿದರು.

ಆ ತಲೆ ಹೋದ ಗಳಿಗೆಯನ್ನು ದೊಡ್ಡ ಚಿತ್ರಕಾರರು ಬಹುಪಾಲು ಬರೆಯಲೇ ಇಲ್ಲ. ಆ ಕಾಲದ್ದೇ ಎನ್ನುವ ಒಂದು ಚಿತ್ರ ಎಡಿನ್‌ಬರೋದಲ್ಲಿದೆ. ನಾನು ಅದನ್ನು ಪುಸ್ತಕದಲ್ಲಷ್ಟೇ ಕಂಡದ್ದು. ನಡುವೆ ವಧಾಸ್ಥಾನ, ಮುಂದೆ ಮೂರ್ಛೆ ಹೋಗುತ್ತಿರುವ ಹೆಂಗಸು, ಪಕ್ಕದಲ್ಲಿ ದೊರೆಯ ರಕ್ತಕ್ಕೆ ಕರವಸ್ತ್ರ ಅದ್ದುತ್ತಿರುವ ಜನ. ಇನ್ನುಳಿದವರು ಕೊಡಲಿಯ ಹಿಂದಿನ ಗಳಿಗೆಯನ್ನೋ ಮುಂದಿನ ಗಳಿಗೆಯನ್ನೋ ಹಿಡಿದರು. ಹಾಗೆ ಹಿಡಿದವರಲ್ಲಿ ನನಗೆ ಹೆಚ್ಚಿನವನು ಫ್ರಾನ್ಸಿನ ಪಾಲ್ ಡೆಲರೋಷ್. 1831ರ ಅವನ ಚಿತ್ರ ನೀಮ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ಬೂಟು ತೊಟ್ಟ ಕ್ರಾಮ್‌ವೆಲ್ ಒಬ್ಬನೇ ಬಂದು, ಶವಪೆಟ್ಟಿಗೆಯ ಮುಚ್ಚಳ ಎತ್ತಿಹಿಡಿದು, ದೊರೆಯ ಮುಖ ನೋಡುತ್ತಿದ್ದಾನೆ. ಅದು ದಂತಕಥೆ. ಡೆಲರೋಷ್‌ಗೆ ಬೇಕಾದದ್ದು ಆ ನೋಟ. ತಾವೂ ತಮ್ಮ ದೊರೆಯ ತಲೆಯನ್ನು 1793ರಲ್ಲಿ ತೆಗೆದಿದ್ದ, 1830ರಲ್ಲಿ ಇನ್ನೊಬ್ಬ ದೊರೆಯನ್ನು ಓಡಿಸಿದ್ದ ಜನಕ್ಕೆ ಆ ನೋಟದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವನದೇ ಇನ್ನೊಂದು ಚಿತ್ರದಲ್ಲಿ, ಸೆರೆಸಿಕ್ಕ ಚಾರ್ಲ್ಸ್ ಪುಸ್ತಕ ಹಿಡಿದು ಸುಮ್ಮನೆ ಕೂತಿದ್ದಾನೆ. ಸುತ್ತಲಿನ ಸಿಪಾಯಿಗಳಲ್ಲಿ ಒಬ್ಬ ಚುಂಗಾಣಿಯ ಹೊಗೆಯನ್ನು ಅವನ ಮುಖಕ್ಕೇ ಊದುತ್ತಿದ್ದಾನೆ. ಈ ಚಿತ್ರ ಲಂಡನ್ನಿನ ಬ್ರಿಜ್‌ವಾಟರ್ ಹೌಸಿನಲ್ಲಿತ್ತು. 1941ರಲ್ಲಿ ಜರ್ಮನರ ಬಾಂಬು ಹತ್ತಿರದಲ್ಲಿ ಬಿದ್ದು, ಚೂರುಗಳು ತಗುಲಿ ಚಿತ್ರ ಇನ್ನೂರಕ್ಕೂ ಹೆಚ್ಚು ಕಡೆ ಹರಿಯಿತು. ಸುತ್ತಿ ಎತ್ತಿಟ್ಟರು. ಹಾಳಾಗಿ ಹೋಯಿತೆಂದೇ ಜನ ತಿಳಿದರು. 2009ರಲ್ಲಿ ಸ್ಕಾಟ್‌ಲೆಂಡಿನ ಒಂದು ಮನೆಯಲ್ಲಿ ಸುರುಳಿ ಬಿಚ್ಚಿ ನೋಡಿದರೆ ದೊರೆಯೂ ಇದ್ದ, ಸಿಪಾಯಿಗಳೂ ಇದ್ದರು. ಮರುವರ್ಷ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಅದನ್ನು ಗಾಯ ಕಾಣುವ ಹಾಗೆಯೇ ತೂಗುಹಾಕಿದರು. ಅಪ್ಪನ ಪರದೆಗಳೂ ಬಿದಿರಿಗೆ ಸುತ್ತಿಕೊಂಡೇ ಇದ್ದವು. ಒಂದು ಮಳೆಗಾಲದ ಕೊನೆಗೆ ಬಿಚ್ಚಿದಾಗ ನಮಗೆ ಸಿಕ್ಕಿದ್ದು ಇಲಿ ತಿಂದ ಕಾಡು, ನೀರು ಕುಡಿದ ಅರಮನೆ. ಆ ದಿನ ಅಪ್ಪ ಉಣ್ಣಲಿಲ್ಲ.

ಈ ಯುದ್ಧದ ಚಿತ್ರಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಜೋಡಿಗೆ ಈಗ ಬರುತ್ತೇನೆ. ಒಂದು ಯೀಮ್ಸ್‌ನ ಹುಡುಗ. ಇನ್ನೊಂದು ಲಂಡನ್ನಿನ ಪಾರ್ಲಿಮೆಂಟ್ ಭವನದ ಗೋಡೆಯ ಮೇಲಿದೆ. ಹಳೆಯ ಭವನ 1834ರಲ್ಲಿ ಸುಟ್ಟುಹೋಗಿ ಹೊಸದು ಏಳುತ್ತಿದ್ದಾಗ, ಅದರ ಗೋಡೆಗಳಿಗೆ ಏನನ್ನು ಬರೆಯಬೇಕೆಂದು ತೀರ್ಮಾನಿಸಲು ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್‌ನ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಕೂತಿತು. ಲಾರ್ಡ್ಸ್ ಸಭೆಗೆ ಹೋಗುವ ಓಣಿಗೆ ಈ ಕಾಲದ ಎಂಟು ಭಿತ್ತಿಚಿತ್ರಗಳು ಬಂದವು. ಬರೆದವನು ಚಾರ್ಲ್ಸ್ ವೆಸ್ಟ್ ಕೋಪ್. ನಾಲ್ಕು ದೊರೆಯ ಕಡೆಯವರ ಧೈರ್ಯದ್ದು, ನಾಲ್ಕು ಪಾರ್ಲಿಮೆಂಟಿನ ಕಡೆಯವರದು. ಒಂದೆಡೆ ದೊರೆಯ ಬಾವುಟ ಏರುತ್ತದೆ, ಬೇಸಿಂಗ್ ಹೌಸನ್ನು ಅವನವರು ಕಾಯುತ್ತಾರೆ, ಕೊನೆಗೆ ಹಿಮದಲ್ಲಿ ಅವನ ಶವ ಮಣ್ಣಿಗೆ ಹೋಗುತ್ತದೆ. ಇನ್ನೊಂದೆಡೆ ಗ್ಲಾಸ್ಟರ್‌ನ ಮುತ್ತಿಗೆ ಬಿಡಿಸಲು ಲಂಡನ್ನಿನ ಸಾಮಾನ್ಯರ ಪಡೆ ಹೊರಡುತ್ತದೆ. ತನ್ನ ದೊರೆಯನ್ನು ಕೊಂದ ಸಂಸ್ಥೆ ತನ್ನದೇ ಗೋಡೆಯ ಅರ್ಧವನ್ನು ಅವನಿಗೆ ಬಿಟ್ಟುಕೊಟ್ಟಿತು. ಅದನ್ನು ನಾನು ದೊಡ್ಡ ಮನಸ್ಸಿನ ಕೆಲಸ ಎಂದೇ ತಿಳಿಯುತ್ತೇನೆ. ಕೊಡಲಿ ಮಾತ್ರ ಇಲ್ಲಿಯೂ ಇಲ್ಲ.

ಆ ಎಂಟರಲ್ಲಿ ಒಂದು, ನಾನು ಹೇಳಿದ ಜೋಡಿಯ ಎರಡನೆಯದು, 1642ರ ಜನವರಿ 4ರ ಘಟನೆ. ತನಗೆ ಎದುರು ನಿಂತ ಐವರು ಸದಸ್ಯರನ್ನು ಹಿಡಿಯಲು ಚಾರ್ಲ್ಸ್ ಶಸ್ತ್ರಧಾರಿಗಳನ್ನು ಕರೆದುಕೊಂಡು ಕಾಮನ್ಸ್ ಸಭೆಗೇ ಬಂದ. ಐವರೂ ಆಗಲೇ ಥೇಮ್ಸ್ ನದಿಯ ಮೇಲೆ ದೋಣಿಯಲ್ಲಿ ಪಾರಾಗಿದ್ದರು. ಸಭಾಧ್ಯಕ್ಷ ವಿಲಿಯಂ ಲೆಂಥಾಲ್‌ನನ್ನು ದೊರೆ ಕೇಳಿದ: ಅವರು ಎಲ್ಲಿ? ಲೆಂಥಾಲ್ ಮೊಣಕಾಲೂರಿದ. ಈ ಸಭೆ ಅಪ್ಪಣೆ ಕೊಡದೆ ಈ ಜಾಗದಲ್ಲಿ ನೋಡಲು ನನಗೆ ಕಣ್ಣಿಲ್ಲ, ಆಡಲು ನಾಲಿಗೆಯಿಲ್ಲ ಎಂಬ ಅರ್ಥದ ಮಾತಾಡಿದ. ಸುಳ್ಳು ಹೇಳಲಿಲ್ಲ. ನಿಜ ಬಿಟ್ಟುಕೊಡಲೂ ಇಲ್ಲ. ಅಂದಿನಿಂದ ಇಂದಿನವರೆಗೆ ಕಲಾಪ ನಡೆಯುವಾಗ ಆ ದೇಶದ ದೊರೆ ಕಾಮನ್ಸ್ ಸಭೆಯೊಳಗೆ ಕಾಲಿಟ್ಟಿಲ್ಲ. ದೊರೆಯ ಕರೆ ತರುವ ಅಧಿಕಾರಿಯ ಮುಖದ ಮೇಲೆ ಮೊದಲು ಬಾಗಿಲು ಮುಚ್ಚಿ, ಅವನು ಮೂರು ಸಲ ತಟ್ಟಿದ ಮೇಲೆ ತೆರೆಯುವ ಪದ್ಧತಿ ಈಗಲೂ ಇದೆ.

ಯುದ್ಧಕ್ಕೆ ಮುನ್ನ ದೊರೆ ಕೇಳಿದ ಆ ಪ್ರಶ್ನೆಯೇ ಯೀಮ್ಸ್‌ನ ಚಿತ್ರದಲ್ಲಿ ತಿರುಗಿ ಬಂದಿದೆ. ಈಗ ಕೇಳುವವರು ಪಾರ್ಲಿಮೆಂಟಿನವರು, ಬಚ್ಚಿಟ್ಟುಕೊಂಡವನು ದೊರೆಯ ಕಡೆಯವನು. ಲೆಂಥಾಲ್‌ಗೆ ವಕೀಲಿಕೆ ಗೊತ್ತಿತ್ತು, ಬೆನ್ನಿಗೆ ಸಭೆಯಿತ್ತು. ಈ ಹುಡುಗನ ಕಾಲಡಿ ಇರುವುದು ಒಂದು ಮಣೆ. ಸುಳ್ಳಾಡಬಾರದೆಂದು ಅಪ್ಪನೇ ಕಲಿಸಿದ್ದಾನೆ, ನಿಜ ಹೇಳಿದರೆ ಆ ಅಪ್ಪನೇ ಹೋಗುತ್ತಾನೆ. ಮಕ್ಕಳ ಸಹಜವಾದ ನೇರಮಾತು ತರಬಹುದಾದ ಈ ಸಂಕಟವೇ ಯೀಮ್ಸ್‌ನಿಂದ ಚಿತ್ರ ಬರೆಸಿದ್ದು.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ಹಿಡಿದವನು ಕೌಶಿಕ. ದಾರಿಗಳ್ಳರಿಗೆ ಹೆದರಿ ಕಾಡು ಹೊಕ್ಕವರು ಎಲ್ಲಿ ಎಂದು ಕಳ್ಳರು ಬಂದು ಕೇಳಿದಾಗ, ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಡಗಿದ್ದವರು ಸತ್ತರು, ಕೌಶಿಕ ನರಕಕ್ಕೆ ಹೋದ. ಕಾಲೇಜಿನಲ್ಲಿ ಇದನ್ನು ಓದಿದಾಗ ನನಗೆ ಅಟ್ಟದ ಕಡೆ ತಿರುಗಿದ ನನ್ನ ಕಣ್ಣು ನೆನಪಾಗಿ ಪುಸ್ತಕ ಮುಚ್ಚಿದ್ದೆ. ಅಂದು ಅಪ್ಪ ಏಣಿ ಇಳಿದು ಬಂದರು. ಬಂದವರಿಗೆ ಕೈಗಡಿಯಾರ ಬಿಚ್ಚಿಕೊಟ್ಟರು. ನನ್ನನ್ನು ಬೈಯಲಿಲ್ಲ. ರಾತ್ರಿ ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡು ರೊಟ್ಟಿ ಮುರಿದುಕೊಟ್ಟರು. ಹರಿಶ್ಚಂದ್ರ ನಾಟಕದ ಸ್ಮಶಾನದ ಪರದೆ ಬರೆದಿದ್ದ ಕೈ ಅದು.

ಲಂಡನ್ನಿನ ಮದಾಮ್ ಟುಸ್ಸಾಡ್ಸ್‌ನಲ್ಲಿ ಯೀಮ್ಸ್‌ನ ಈ ದೃಶ್ಯವನ್ನು ಮೇಣದ ಗೊಂಬೆಗಳಲ್ಲಿ ಮಾಡಿ 1933ರಿಂದ 1989ರವರೆಗೆ ಇಟ್ಟಿದ್ದರಂತೆ. ಐವತ್ತಾರು ವರ್ಷ ಆ ಹುಡುಗ ಅಲ್ಲಿಯೂ ಉತ್ತರ ಹೇಳದೆ ನಿಂತಿದ್ದ.

ಊರಿಗೆ ಹೊರಡುವ ಮೊದಲು ಇನ್ನೊಂದು ಸಲ ವಾಕರ್ ಗ್ಯಾಲರಿಗೆ ಹೋದೆ. ಅಂದು ಹುಡುಗನನ್ನು ಬಿಟ್ಟು ಅವನ ಹಿಂದಿನವಳನ್ನು ನೋಡಿದೆ. ಅವನ ಸರದಿ ಮುಗಿದ ಕೂಡಲೇ ಅವಳ ಸರದಿ. ಅವಳಿಗೆ ಅದು ಗೊತ್ತು. ಮುಖಕ್ಕೆ ಕೈ ಒತ್ತಿಕೊಂಡು ಅಳುತ್ತಿದ್ದಾಳೆ. ಸಿಪಾಯಿಯ ಕೈ ಅವಳ ಹೆಗಲ ಮೇಲೆ ಹಗುರವಾಗಿದೆ, ಮನೆಯಲ್ಲಿ ಅವನಿಗೂ ಮಗಳಿದ್ದಾಳೇನೋ ಅನ್ನಿಸುವಷ್ಟು ಹಗುರ. ಇನ್ನು ಸ್ವಲ್ಪ ಹೊತ್ತಿಗೆ ಅವಳನ್ನು ಮೇಜಿನ ಮುಂದಕ್ಕೆ ಕರೆದುಕೊಂಡು ಹೋಗುವುದು ಅದೇ ಕೈ.